ಕೆರೆ ಮೀನು ಬೆಳೆಯದಿರಲು ಬರ ಕಾರಣವೇ? ಮಾದರಿ ಪರೀಕ್ಷೆಯಿಂದ ತಿಳಿಯುವ ಬಗೆ

ಮುಂಗಾರಿನಲ್ಲಿ ಕೆರೆಗೆ ಮೀನುಮರಿ ಬಿಟ್ಟು, ಬೇಸಿಗೆಯಲ್ಲಿ ಬಲೆ ಎಳೆದಾಗ ಒಂದು ಕಿಲೋ ತೂಗಬೇಕಾಗಿದ್ದ ಕಾಟ್ಲ ಅರ್ಧ ಕಿಲೋಗೇ ನಿಂತಿದ್ದರೆ, ಕೆರೆಯನ್ನು ಗುತ್ತಿಗೆ ಹಿಡಿದ ಸಂಘದಲ್ಲಿ ಸಾಮಾನ್ಯವಾಗಿ ಮೂರು ಮಾತು ಕೇಳಿಬರುತ್ತವೆ. ಮಳೆ ಕೈಕೊಟ್ಟಿತು ಎಂದು ಕೆಲವರು, ತಂದ ಮರಿಯೇ ಕಳಪೆ ಎಂದು ಕೆಲವರು, ನೀರಿನ ಅಳತೆ ನೋಡದೆ ಹೆಚ್ಚು ಮರಿ ಬಿಟ್ಟದ್ದೇ ತಪ್ಪು ಎಂದು ಉಳಿದವರು. ಈ ಮೂರರಲ್ಲಿ ಯಾವುದು ನಿಜ ಎಂಬುದರ ಮೇಲೆ ಮುಂದಿನ ವರ್ಷದ ಖರ್ಚು ನಿಂತಿದೆ. ಬರ ಕಾರಣವಾದರೆ ಕೆರೆ ತುಂಬಿದಷ್ಟಕ್ಕೆ ಮರಿಯ ಲೆಕ್ಕ ಹಾಕಬೇಕು. ಮರಿ ಕಾರಣವಾದರೆ ಮರಿ ಕೊಳ್ಳುವ ಜಾಗ ಬದಲಾಯಿಸಬೇಕು. ಕಾರಣವನ್ನು ತಪ್ಪಾಗಿ ಹಿಡಿದರೆ ಹಣವೂ ಹೋಗುತ್ತದೆ, ನಷ್ಟವೂ ಮರುಕಳಿಸುತ್ತದೆ.

ಒಂದು ಕೆರೆಯ ತೊಂದರೆಯನ್ನು ಆ ಕೆರೆಯಲ್ಲೇ ಹುಡುಕಬಹುದು. ಆದರೆ ಬರ, ಬಿಸಿಲು, ತಡವಾದ ಮುಂಗಾರು ಇವು ಒಂದು ಕೆರೆಗೆ ಸೀಮಿತವಾದ ಕಾರಣಗಳಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಇಷ್ಟು ವಿಶಾಲ ಪ್ರದೇಶವನ್ನು ಒಮ್ಮೆಲೇ ಆವರಿಸುವ ಕಾರಣವು ಮೀನಿನ ಬೆಳವಣಿಗೆಯ ಮೇಲೆ ಎಷ್ಟು ಪರಿಣಾಮ ಮಾಡಿತು ಎಂಬುದನ್ನು ತಿಳಿಯಲು ಬೇರೆಯೇ ರೀತಿಯ ಮಾದರಿ ಸಂಗ್ರಹಣೆ ಅಗತ್ಯ. ಅದರ ಮೂಲ ತತ್ವಗಳನ್ನು ಇಲ್ಲಿ ವಿವರಿಸಲಾಗಿದೆ.

ಬರ ಮತ್ತು ಮೀನಿನ ಬೆಳವಣಿಗೆ

ಮೀನಿನ ಮೈಶಾಖ ನೀರಿನ ಉಷ್ಣತೆಯನ್ನು ಅನುಸರಿಸುತ್ತದೆ. ನಮ್ಮ ಗೆಂಡೆ ಜಾತಿಯ ಮೀನುಗಳು ಸುಮಾರು 25 ರಿಂದ 32 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಚೆನ್ನಾಗಿ ಬೆಳೆಯುತ್ತವೆ. ಇದರ ಜೊತೆಗೆ ಆಹಾರ, ನೀರಿನಲ್ಲಿ ಕರಗಿದ ಆಮ್ಲಜನಕ ಮತ್ತು ಒಂದು ಎಕರೆ ನೀರಿನಲ್ಲಿರುವ ಮೀನುಗಳ ಸಂಖ್ಯೆ ಬೆಳವಣಿಗೆಯನ್ನು ನಿರ್ಧರಿಸುತ್ತವೆ.

ಬರಗಾಲದಲ್ಲಿ ಕೆರೆ ತಡವಾಗಿ ತುಂಬುತ್ತದೆ. ಮರಿ ಬಿಡುವುದು ತಡವಾಗುತ್ತದೆ. ಬೆಳೆಯುವ ಅವಧಿ ಕಡಿಮೆಯಾಗುತ್ತದೆ. ನೀರು ಇಂಗಿದಂತೆ ಮೀನು ಒತ್ತೊತ್ತಾಗುತ್ತದೆ. ಆದರೆ ಪರಿಣಾಮ ಯಾವಾಗಲೂ ಒಂದೇ ದಿಕ್ಕಿನಲ್ಲಿರುತ್ತದೆ ಎಂದು ತಿಳಿಯಬಾರದು. ನೀರು ಕಡಿಮೆಯಾದಾಗ ಸೂಕ್ಷ್ಮಜೀವಿಗಳ ಆಹಾರ ಸಾಂದ್ರವಾಗಿ ಕೆಲವು ಕಾಲ ಮೀನು ಬೇಗ ಬೆಳೆಯಲೂಬಹುದು. ಅರ್ಧದಷ್ಟು ಮರಿ ಸತ್ತುಹೋದರೆ ಉಳಿದವುಗಳಿಗೆ ಮೇವು ಹೆಚ್ಚು ಸಿಕ್ಕಿ ದಪ್ಪಗಾಗುತ್ತವೆ. ಆಗ ಸರಾಸರಿ ತೂಕ ಚೆನ್ನಾಗಿದ್ದರೂ ಒಟ್ಟು ಇಳುವರಿ ಕುಸಿದಿರುತ್ತದೆ. ಆದುದರಿಂದ ಬೆಳವಣಿಗೆಯನ್ನು ಅಳೆಯುವಾಗ ಎಷ್ಟು ಮರಿ ಬಿಡಲಾಯಿತು, ಎಷ್ಟು ಮೀನು ಹಿಡಿಯಲಾಯಿತು ಎಂಬ ಎರಡು ಲೆಕ್ಕಗಳೂ ಜೊತೆಗಿರಲೇಬೇಕು.

ಹೊಲದ ಪಾಠ ಕೆರೆಗೆ

ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಸಂಶೋಧನಾ ಕೇಂದ್ರಕ್ಕೆ 1919ರಲ್ಲಿ ಸೇರಿದ ಆರ್. ಎ. ಫಿಶರ್ ಅವರು ಕ್ಷೇತ್ರ ಪ್ರಯೋಗಗಳಿಗೆ ಒಂದು ಭದ್ರ ನಿಯಮ ಕೊಟ್ಟರು. ಗೊಬ್ಬರವನ್ನು ಒಂದು ತಾಕಿಗೆ ಹಾಕಿದರೆ ಆ ತಾಕೇ ಪ್ರಯೋಗದ ಘಟಕ. ಅದರಲ್ಲಿನ ಐನೂರು ರಾಗಿ ಗಿಡಗಳನ್ನು ಅಳೆದರೂ ಅದು ಒಂದೇ ತಾಕಿನ ಸಾಕ್ಷ್ಯ. ಆ ತಾಕಿನ ಮಣ್ಣೇ ಫಲವತ್ತಾಗಿದ್ದರೆ ಗೊಬ್ಬರದ ಗುಣ ಯಾವುದು, ಮಣ್ಣಿನ ಗುಣ ಯಾವುದು ಎಂದು ಬೇರ್ಪಡಿಸುವುದು ಅಸಾಧ್ಯ. ಆದ್ದರಿಂದಲೇ ಪ್ರತಿ ಉಪಚಾರವನ್ನೂ ಹಲವು ತಾಕುಗಳಲ್ಲಿ ಪುನರಾವರ್ತಿಸಲಾಗುತ್ತದೆ.

ವಿಸ್ತರಣಾ ಕಾರ್ಯಕರ್ತರಿಗೆ ಪರಿಚಿತವಾದ ಬೆಳೆ ಕಟಾವು ಪ್ರಯೋಗದಲ್ಲೂ ಇದೇ ತತ್ವವಿದೆ. ಫಸಲ್ ಬಿಮಾ ಯೋಜನೆಯಲ್ಲಿ ಪ್ರಧಾನ ಬೆಳೆಗೆ ಗ್ರಾಮ ಪಂಚಾಯಿತಿಯೊಂದಕ್ಕೆ ಕನಿಷ್ಠ 4 ಕಟಾವು ಪ್ರಯೋಗಗಳು ನಡೆಯಬೇಕು. ಒಬ್ಬನ ಹೊಲದಲ್ಲೇ ನಾಲ್ಕು ತಾಕು ಕೊಯ್ದು ಪಂಚಾಯಿತಿಯ ಇಳುವರಿ ಇಷ್ಟು ಎಂದರೆ ಯಾರೂ ಒಪ್ಪುವುದಿಲ್ಲ. ಸರ್ವೆ ನಂಬರುಗಳನ್ನು ಇಷ್ಟಾನಿಷ್ಟವಿಲ್ಲದೆ ಆರಿಸಿ, ಹೊಲದ ನೈಋತ್ಯ ಮೂಲೆಯಿಂದ ಹೆಜ್ಜೆ ಎಣಿಸಿ ತಾಕನ್ನು ಗುರುತಿಸುವುದು, ಚೆನ್ನಾಗಿ ಬೆಳೆದ ಜಾಗದ ಕಡೆಗೆ ಕಣ್ಣು ಹೋಗದಿರಲೆಂದು. ಮೀನಿನ ವಿಷಯದಲ್ಲೂ ಇದೇ ಎಚ್ಚರ ಬೇಕು.

ಎಣಿಸಬೇಕಾದುದು ಕೆರೆಗಳನ್ನು

ಬರವು ಒಂದೊಂದು ಮೀನಿಗೆ ಬೇರೆ ಬೇರೆಯಾಗಿ ಬರುವುದಿಲ್ಲ. ಇಡೀ ಕೆರೆಗೆ ಬರುತ್ತದೆ. ಒಂದೇ ಕೆರೆಯ ಮೀನುಗಳು ಒಂದೇ ನೀರು, ಒಂದೇ ಮೇವು, ಒಂದೇ ಕಡೆಯ ಮರಿ ಹಂಚಿಕೊಂಡಿರುತ್ತವೆ. ಆದ್ದರಿಂದ ಬರದ ಪ್ರಶ್ನೆಗೆ ಕೆರೆಯೇ ಘಟಕ. ಒಂದು ಕೆರೆಯ ಸಾವಿರ ಮೀನು ತೂಗಿ ಸಾವಿರ ಸಾಕ್ಷ್ಯ ದೊರೆಯಿತು ಎಂದು ಭಾವಿಸುವುದು ಹುಸಿ ಪುನರಾವರ್ತನೆ. ಇಂಥ ತಪ್ಪು ಸಂಶೋಧಕರಲ್ಲೂ ವ್ಯಾಪಕವಾಗಿದೆ ಎಂಬುದನ್ನು ಅಮೆರಿಕದ ಪರಿಸರ ವಿಜ್ಞಾನಿ ಸ್ಟುವರ್ಟ್ ಹರ್ಲ್‌ಬರ್ಟ್ 1984ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಎತ್ತಿ ತೋರಿಸಿದರು.

ಇದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಒಂದೇ ಕೆರೆಯಲ್ಲಿ ಮೀನಿನಿಂದ ಮೀನಿಗೆ ತೂಕ ಸರಾಸರಿಯ ಆಚೀಚೆ 120 ಗ್ರಾಂ, ಕೆರೆಯಿಂದ ಕೆರೆಗೆ ಸರಾಸರಿ ತೂಕ 80 ಗ್ರಾಂ ವ್ಯತ್ಯಾಸವಾಗುತ್ತದೆ ಎಂದು ಭಾವಿಸೋಣ. ಕೆರೆಗಳ ವ್ಯತ್ಯಾಸದ ವರ್ಗವನ್ನು (6400) ಕೆರೆಗಳ ಸಂಖ್ಯೆಯಿಂದ ಭಾಗಿಸಬೇಕು. ಮೀನುಗಳ ವ್ಯತ್ಯಾಸದ ವರ್ಗವನ್ನು (14400) ಒಟ್ಟು ಮೀನುಗಳ ಸಂಖ್ಯೆಯಿಂದ ಭಾಗಿಸಬೇಕು. ಎರಡನ್ನೂ ಕೂಡಿ ವರ್ಗಮೂಲ ತೆಗೆದರೆ ಸರಾಸರಿಯಲ್ಲಿ ಇರಬಹುದಾದ ದೋಷ ಸಿಗುತ್ತದೆ.

ಕೋಷ್ಟಕ 1: ಕೆರೆಗಳ ಸಂಖ್ಯೆ ಮತ್ತು ಸರಾಸರಿಯ ದೋಷ (ಉದಾಹರಣೆಗಾಗಿ ಊಹಿಸಿದ ಅಂಕಿಗಳು)

1 ಕೆರೆ, ಕೆರೆಗೆ 300 ಮೀನು, ಒಟ್ಟು 300 — ದೋಷ 80 ಗ್ರಾಂ
2 ಕೆರೆ, ಕೆರೆಗೆ 150 ಮೀನು, ಒಟ್ಟು 300 — ದೋಷ 57 ಗ್ರಾಂ
10 ಕೆರೆ, ಕೆರೆಗೆ 30 ಮೀನು, ಒಟ್ಟು 300 — ದೋಷ 26 ಗ್ರಾಂ
20 ಕೆರೆ, ಕೆರೆಗೆ 15 ಮೀನು, ಒಟ್ಟು 300 — ದೋಷ 19 ಗ್ರಾಂ
30 ಕೆರೆ, ಕೆರೆಗೆ 5 ಮೀನು, ಒಟ್ಟು 150 — ದೋಷ 18 ಗ್ರಾಂ

ಕೊನೆಯ ಸಾಲನ್ನು ವಿಶೇಷವಾಗಿ ಗಮನಿಸಬೇಕು. ಮೀನುಗಳ ಸಂಖ್ಯೆ ಅರ್ಧಕ್ಕೆ ಇಳಿದರೂ ಕೆರೆಗಳ ಸಂಖ್ಯೆ ಹೆಚ್ಚಿದ ಕಾರಣ ದೋಷ ಕಡಿಮೆಯಾಗಿದೆ. ಮೊದಲ ಸಾಲಿನಲ್ಲಿ ಒಂದೇ ಕೆರೆಯಿಂದ 300ರ ಬದಲು 3000 ಮೀನು ತೂಗಿದರೂ ದೋಷ 80 ಗ್ರಾಂಗಿಂತ ಕೆಳಗಿಳಿಯುವುದಿಲ್ಲ.

ಎರಡು ಗುಂಪುಗಳನ್ನು ಹೋಲಿಸುವಾಗ ಎರಡರ ದೋಷವೂ ಸೇರಿಕೊಳ್ಳುತ್ತದೆ. ಬರದಿಂದ ನಿಜವಾಗಿ 100 ಗ್ರಾಂ ನಷ್ಟವಾಗಿದೆ ಎಂದುಕೊಳ್ಳಿ. ಗುಂಪಿಗೆ ಎರಡೇ ಕೆರೆ ಇದ್ದರೆ ವ್ಯತ್ಯಾಸ ಕನಿಷ್ಠ 160 ಗ್ರಾಂ ಇಲ್ಲದೆ ಅದನ್ನು ನಂಬುವಂತಿಲ್ಲ. 100 ಗ್ರಾಂ ನಷ್ಟ ಕಣ್ಣಿಗೆ ಬೀಳುವುದೇ ಇಲ್ಲ. ಗುಂಪಿಗೆ 10 ಕೆರೆ ಇದ್ದರೆ ಸುಮಾರು 75 ಗ್ರಾಂ ವ್ಯತ್ಯಾಸವನ್ನೂ ಗುರುತಿಸಬಹುದು. ಎರಡು ಕೆರೆ ನೋಡಿ "ಬರದಿಂದ ಏನೂ ಆಗಿಲ್ಲ" ಎಂದು ಬರೆದ ವರದಿ ಬರದ ಬಗ್ಗೆ ಏನನ್ನೂ ಹೇಳಿರುವುದಿಲ್ಲ. ಪರೀಕ್ಷೆ ಸಾಲದಾಯಿತು ಎಂಬುದನ್ನಷ್ಟೇ ಹೇಳಿರುತ್ತದೆ.

ಒಂದು ಕೆರೆಗೆ ಎಷ್ಟು ಮೀನು?

ಕೆರೆಗೆ ಹೋಗಿಬರುವ ಖರ್ಚು ಹೆಚ್ಚು, ಬಲೆಗೆ ಬಿದ್ದ ಇನ್ನೊಂದು ಮೀನು ಅಳೆಯುವ ಖರ್ಚು ಕಡಿಮೆ. ಕೆರೆಯ ಖರ್ಚನ್ನು ಮೀನಿನ ಖರ್ಚಿನಿಂದ ಭಾಗಿಸಿ, ಮೀನುಗಳ ವ್ಯತ್ಯಾಸದ ವರ್ಗವನ್ನು ಕೆರೆಗಳ ವ್ಯತ್ಯಾಸದ ವರ್ಗದಿಂದ ಭಾಗಿಸಿ, ಎರಡು ಭಾಗಲಬ್ಧಗಳನ್ನೂ ಗುಣಿಸಿ ವರ್ಗಮೂಲ ತೆಗೆದರೆ ಕೆರೆಯೊಂದಕ್ಕೆ ತಕ್ಕ ಮೀನುಗಳ ಸಂಖ್ಯೆ ಸಿಗುತ್ತದೆ. ಮೇಲಿನ ಉದಾಹರಣೆಯಲ್ಲಿ ಕೆರೆಗೆ ಹೋಗಿಬರಲು ಮತ್ತು ಬಲೆಗೆ 1000 ರೂಪಾಯಿ, ಒಂದು ಮೀನು ಅಳೆಯಲು 10 ರೂಪಾಯಿ ಎಂದಿಟ್ಟುಕೊಂಡರೆ 100 ಗುಣಿಸು 2.25, ಅಂದರೆ 225. ಅದರ ವರ್ಗಮೂಲ 15. ಹೀಗೆ ಜಾತಿಗೆ 15 ಮೀನು ಅಳೆದು ಉಳಿದ ಹಣದಲ್ಲಿ ಇನ್ನೊಂದು ಕೆರೆಗೆ ಹೋಗುವುದು ಲಾಭದಾಯಕ.

ಕೆರೆಗಳ ಆಯ್ಕೆ

1. ಮೊದಲು ತಾಲ್ಲೂಕಿನಲ್ಲಿ ಮರಿ ಬಿತ್ತನೆಯಾದ ಎಲ್ಲ ಕೆರೆಗಳ ಪಟ್ಟಿ ಮಾಡಬೇಕು. ರಸ್ತೆ ಬದಿಯ ಕೆರೆ, ಪರಿಚಯದವರ ಕೆರೆ ಎಂದು ಆರಿಸಬಾರದು.

2. ಕೆರೆಗಳನ್ನು ವಿಸ್ತೀರ್ಣ, ಆಳ ಮತ್ತು ನೀರಿನ ಮೂಲದ ಪ್ರಕಾರ ಗುಂಪು ಮಾಡಿ, ಪ್ರತಿ ಗುಂಪಿನಿಂದಲೂ ಚೀಟಿ ಎತ್ತಿ ಆಯ್ಕೆ ಮಾಡಬೇಕು.

3. ನಮ್ಮ ಬಯಲುಸೀಮೆಯ ಕೆರೆಗಳು ಬಹುಮಟ್ಟಿಗೆ ಸರಪಳಿಯಂತೆ ಜೋಡಣೆಗೊಂಡಿವೆ. ಮೇಲಿನ ಕೆರೆಯ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ ಇಳಿಯುತ್ತದೆ, ನೀರಿನೊಡನೆ ಮೀನೂ ಇಳಿಯುತ್ತದೆ. ಒಂದೇ ಸರಪಳಿಯ ಐದು ಕೆರೆಗಳು ಐದು ಸ್ವತಂತ್ರ ಸಾಕ್ಷ್ಯಗಳಾಗಲಾರವು. ಸಾಧ್ಯವಾದಷ್ಟೂ ಬೇರೆ ಬೇರೆ ಸರಪಳಿಗಳಿಂದ ಕೆರೆಗಳನ್ನು ಆರಿಸಬೇಕು.

4. ಒಂದೇ ತಂಡದ ಮರಿಗಳನ್ನು ಎಲ್ಲ ಗುಂಪಿನ ಕೆರೆಗಳಿಗೂ ಹಂಚಬೇಕು. ಮಳೆ ಕಡಿಮೆಯಾದ ಕಡೆಗೆ ಒಂದು ಕೇಂದ್ರದ ಮರಿ, ಮಳೆಯಾದ ಕಡೆಗೆ ಇನ್ನೊಂದು ಕೇಂದ್ರದ ಮರಿ ಹೋದರೆ ಮರಿಯ ಗುಣವೂ ಮಳೆಯ ಗುಣವೂ ಬಿಡಿಸಲಾಗದಂತೆ ಹೆಣೆದುಕೊಳ್ಳುತ್ತವೆ.

5. ಬರಗಾಲದಲ್ಲಿ ಪೂರ್ತಿ ಒಣಗಿದ ಕೆರೆಯನ್ನು ಪಟ್ಟಿಯಿಂದ ತೆಗೆದುಹಾಕಬಾರದು. ಅದನ್ನು ಬಿಟ್ಟು ನೀರುಳಿದ ಒಳ್ಳೆಯ ಕೆರೆಗಳನ್ನಷ್ಟೇ ಅಳೆದರೆ ಬರದ ಹೊಡೆತ ನಿಜಕ್ಕಿಂತ ಕಡಿಮೆ ಕಾಣುತ್ತದೆ. ಒಣಗಿದ ದಿನಾಂಕವನ್ನು ದಾಖಲಿಸಬೇಕು.

ಹೋಲಿಕೆಗೆ ಬೇರೆ ನೀರಿನ ಕೆರೆ

ಬರದ ವರ್ಷದಲ್ಲಿ ಮಳೆಯ ಕೊರತೆಯೊಂದೇ ಇರುವುದಿಲ್ಲ. ಬಿಸಿಲು ಹೆಚ್ಚಿರಬಹುದು, ಮರಿ ತಡವಾಗಿ ಬಂದಿರಬಹುದು, ಹಿಂಡಿಯ ಬೆಲೆ ಏರಿ ಮೇವು ಹಾಕದೆ ಇರಬಹುದು. ಇವುಗಳನ್ನು ಬೇರ್ಪಡಿಸಲು, ಉಳಿದೆಲ್ಲ ತೊಂದರೆಗಳು ತಟ್ಟಿಯೂ ಮಳೆಯ ಕೊರತೆಯೊಂದು ಮಾತ್ರ ತಟ್ಟದ ಕೆರೆಗಳು ಬೇಕು.

ಕೋಲಾರ ಜಿಲ್ಲೆಯಲ್ಲಿ ಇಂತಹ ಅನುಕೂಲವಿದೆ. ಕೆ.ಸಿ. ವ್ಯಾಲಿ ಯೋಜನೆಯಿಂದ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಅಲ್ಲಿನ ಹಲವು ಕೆರೆಗಳಿಗೆ ಹರಿಯುತ್ತಿದೆ. ನೆರೆಯ ಇನ್ನು ಹಲವು ಕೆರೆಗಳು ಮಳೆಯನ್ನೇ ನಂಬಿವೆ. ಬಿಸಿಲು ಎರಡಕ್ಕೂ ಸಮ. ಆದರೆ ಬರಗಾಲದಲ್ಲಿ ಈ ಎರಡು ಬಗೆಯ ಕೆರೆಗಳನ್ನು ಒಮ್ಮೆ ಹೋಲಿಸಿ ತೀರ್ಮಾನಕ್ಕೆ ಬರುವುದು ತಪ್ಪು. ಸಂಸ್ಕರಿಸಿದ ನೀರಿನಲ್ಲಿ ಸಾರಜನಕ, ರಂಜಕ ಹೆಚ್ಚಿರುವುದರಿಂದ ಮೀನಿನ ಮೇವೂ ಬೇರೆಯಾಗಿರುತ್ತದೆ. ಒಳ್ಳೆಯ ಮಳೆಯ ವರ್ಷದಲ್ಲೂ ಎರಡರ ಮೀನು ಸಮನಾಗಿರಬೇಕೆಂದಿಲ್ಲ. ಆದುದರಿಂದ ಪ್ರತಿ ಬಗೆಯಲ್ಲೂ ಒಳ್ಳೆಯ ವರ್ಷಕ್ಕೂ ಬರದ ವರ್ಷಕ್ಕೂ ಇರುವ ಇಳಿಕೆಯನ್ನು ಕಂಡುಕೊಂಡು, ಆ ಇಳಿಕೆಗಳನ್ನು ಹೋಲಿಸಬೇಕು.

ಕೋಷ್ಟಕ 2: ಇಳಿಕೆಗಳ ಹೋಲಿಕೆ (ಊಹಿಸಿದ ಅಂಕಿಗಳು, ಸರಾಸರಿ ತೂಕ ಗ್ರಾಂಗಳಲ್ಲಿ)

ಮಳೆಯಾಶ್ರಿತ ಕೆರೆಗಳು: ಒಳ್ಳೆಯ ವರ್ಷ 620, ಬರದ ವರ್ಷ 480, ಇಳಿಕೆ 140
ಹೊರಗಿನಿಂದ ನೀರು ಬರುವ ಕೆರೆಗಳು: ಒಳ್ಳೆಯ ವರ್ಷ 700, ಬರದ ವರ್ಷ 650, ಇಳಿಕೆ 50

ಇಲ್ಲಿ 50 ಗ್ರಾಂ ಇಳಿಕೆ ಎರಡಕ್ಕೂ ಸಾಮಾನ್ಯ. ಅದು ಬಿಸಿಲು, ಮರಿ, ಮೇವು ಮುಂತಾದ ಕಾರಣಗಳದು. ಉಳಿದ 90 ಗ್ರಾಂ ಇಳಿಕೆಯನ್ನು ಮಳೆನೀರಿನ ಕೊರತೆಯ ಲೆಕ್ಕಕ್ಕೆ ಹಾಕಬಹುದು. ಬರದ ವರ್ಷದ 480 ಮತ್ತು 650ನ್ನು ನೇರವಾಗಿ ಹೋಲಿಸಿದ್ದರೆ ನಷ್ಟ 170 ಗ್ರಾಂ ಎಂಬ ತಪ್ಪು ಉತ್ತರ ಬರುತ್ತಿತ್ತು. ಎರಡೂ ವರ್ಷ ಅದೇ ಕೆರೆಗಳಿಗೆ ಹೋದರೆ ಕೆರೆ ಕೆರೆಗಳ ಸ್ಥಿರ ವ್ಯತ್ಯಾಸ ಕಳೆದುಹೋಗಿ ಹೋಲಿಕೆ ಇನ್ನಷ್ಟು ನಿಖರವಾಗುತ್ತದೆ.

ಎರಡು ವರ್ಷ ಸಾಲದು

ಕೆರೆಗಳು ಎಷ್ಟೇ ಇದ್ದರೂ ಒಂದು ಬರದ ವರ್ಷವನ್ನು ಒಂದು ಒಳ್ಳೆಯ ವರ್ಷದೊಡನೆ ಹೋಲಿಸಿದರೆ ಸಾಕ್ಷಿಗಳು ಎರಡೇ ವರ್ಷ. ಯಾವುದೇ ಎರಡು ವರ್ಷಗಳ ನಡುವೆ ಏನಾದರೂ ವ್ಯತ್ಯಾಸ ಇದ್ದೇ ಇರುತ್ತದೆ. ಮಳೆಗೂ ಬೆಳವಣಿಗೆಗೂ ಸಂಬಂಧವಿದೆ ಎಂದು ಹೇಳಬೇಕಾದರೆ ಮಳೆ ಹೆಚ್ಚಾದ, ಕಡಿಮೆಯಾದ, ಮಧ್ಯಮವಾದ ಹಲವು ವರ್ಷಗಳು ಬೇಕು. 40 ಕೆರೆಗಳಿಗೆ 2 ವರ್ಷ ಹೋದರೂ, 10 ಕೆರೆಗಳಿಗೆ 8 ವರ್ಷ ಹೋದರೂ ಭೇಟಿಗಳು 80 ಮಾತ್ರ. ಮಳೆಯ ಪ್ರಶ್ನೆಗೆ ಎರಡನೆಯ ಯೋಜನೆಯೇ ಮೇಲು. ಬರ ಬಂದ ಮೇಲೆ ಅಳತೆ ಪ್ರಾರಂಭಿಸುವವರಿಗೆ ಒಳ್ಳೆಯ ವರ್ಷದ ಲೆಕ್ಕ ಎಲ್ಲಿಯೂ ಸಿಗುವುದಿಲ್ಲ. ಆದ್ದರಿಂದ ಕೆರೆ ತುಂಬಿದ ವರ್ಷವೇ ಅಳತೆ ಪ್ರಾರಂಭಿಸಲು ತಕ್ಕ ಕಾಲ.

ಹುರುಪೆಯಲ್ಲಿ ಉಳಿದ ದಾಖಲೆ

ಹಿಂದಿನ ವರ್ಷಗಳ ಲೆಕ್ಕವಿಲ್ಲದ ಕಡೆ ಮೀನಿನ ದೇಹವೇ ಸ್ವಲ್ಪ ಸಹಾಯ ಮಾಡುತ್ತದೆ. ಬೆಳವಣಿಗೆ ನಿಧಾನವಾದ ಕಾಲದಲ್ಲಿ ಹುರುಪೆಯ ಮೇಲೆ ಮರದ ಉಂಗುರದಂತಹ ಗುರುತು ಮೂಡುತ್ತದೆ. ನಾರ್ವೆಯ ಐನಾರ್ ಲೀ 1910ರಲ್ಲಿ ಹೆರಿಂಗ್ ಮೀನಿನ ಹುರುಪೆಯ ಉಂಗುರಗಳ ಅಂತರದಿಂದ ಆ ಮೀನು ಪ್ರತಿ ವಯಸ್ಸಿನಲ್ಲಿ ಎಷ್ಟು ಉದ್ದವಿತ್ತೆಂದು ಲೆಕ್ಕ ಹಾಕುವ ಕ್ರಮ ತೋರಿಸಿದರು. ನಮ್ಮ ದೇಶದಲ್ಲಿ ವಿ. ಜಿ. ಝಿಂಗ್ರನ್ ಅವರು 1957ರಲ್ಲಿ ಮೃಗಾಲ್ ಮೀನಿನ ವಯಸ್ಸನ್ನು ಹುರುಪೆಯಿಂದ ನಿರ್ಧರಿಸುವ ಬಗ್ಗೆ ಪ್ರಕಟಿಸಿದರು. ದೊಡ್ಡ ಜಲಾಶಯಗಳಲ್ಲಿ ಹಾಗೂ ಎಂದೂ ಬತ್ತದ ಕೆರೆಗಳಲ್ಲಿ ಹಲವು ವಯಸ್ಸಿನ ಮೀನುಗಳು ಕೂಡಿರುವುದರಿಂದ ಈ ಕ್ರಮ ಉಪಯುಕ್ತ. ಆದರೆ ಉಷ್ಣ ಪ್ರದೇಶದಲ್ಲಿ ವರ್ಷಕ್ಕೆ ಒಂದೇ ಉಂಗುರ ಮೂಡುತ್ತದೆಂಬ ಭರವಸೆಯಿಲ್ಲ. ವಯಸ್ಸು ತಿಳಿದ ಮೀನುಗಳಲ್ಲಿ ಮೊದಲು ಪರೀಕ್ಷಿಸಿ ನೋಡಬೇಕು.

ಇನ್ನೊಂದು ಮೋಸವೂ ಇದೆ. ಬೇಗ ಬೆಳೆದ ಮೀನು ಬೇಗ ಬಲೆಗೆ ಬೀಳುತ್ತದೆ. ಮುದಿಯಾಗುವವರೆಗೆ ಉಳಿಯುವುದು ನಿಧಾನವಾಗಿ ಬೆಳೆದ ಮೀನು. ಹೀಗಾಗಿ ಮುದಿ ಮೀನುಗಳ ಹುರುಪೆಯನ್ನಷ್ಟೇ ಓದಿದರೆ ಹಿಂದಿನ ವರ್ಷಗಳಲ್ಲಿ ಬೆಳವಣಿಗೆ ಕಡಿಮೆಯಿತ್ತು ಎಂದು ತಪ್ಪಾಗಿ ತೋರುತ್ತದೆ. ಇದನ್ನು ಬಹಳ ಹಿಂದೆಯೇ ಗಮನಿಸಿದ ರೋಸಾ ಲೀ ಅವರ ಹೆಸರಿನಿಂದಲೇ ಇದನ್ನು ಗುರುತಿಸಲಾಗುತ್ತದೆ. ಪ್ರತಿ ವರ್ಷವೂ ಎಲ್ಲ ವಯಸ್ಸಿನ ಮೀನುಗಳಿಂದ ಹುರುಪೆ ಸಂಗ್ರಹಿಸಿ, ಸಮಾನ ವಯಸ್ಸುಗಳನ್ನಷ್ಟೇ ಹೋಲಿಸುವುದು ಇದಕ್ಕೆ ಪರಿಹಾರ.

ಸರಿಯಾದ ಯೋಜನೆಯಿದ್ದರೆ ಕಡಿಮೆ ಮೀನುಗಳಿಂದಲೂ ದೊಡ್ಡ ಸತ್ಯ ಹೊರಬರುತ್ತದೆ. ನೈಋತ್ಯ ಪೆಸಿಫಿಕ್ ಸಾಗರದ 8 ಜಾತಿಗಳ 555 ಮೀನುಗಳ ಒಳಗಿವಿಯ ಕಲ್ಲಿನ ಉಂಗುರಗಳನ್ನು ಪರೀಕ್ಷಿಸಿ ಆಸ್ಟ್ರೇಲಿಯಾದ ವಿಜ್ಞಾನಿಗಳು 2007ರಲ್ಲಿ ಫಲಿತಾಂಶ ಪ್ರಕಟಿಸಿದರು. 250 ಮೀಟರಿಗಿಂತ ಕಡಿಮೆ ಆಳದ ಜಾತಿಗಳಲ್ಲಿ ಬೆಳವಣಿಗೆ ಏರಿತ್ತು. 1000 ಮೀಟರಿಗಿಂತ ಹೆಚ್ಚು ಆಳದ ಜಾತಿಗಳಲ್ಲಿ ಇಳಿದಿತ್ತು. ಒಂದೇ ಆಳದ ಮೀನು ನೋಡಿದ್ದರೆ ಅರ್ಧ ಸತ್ಯವಷ್ಟೇ ಸಿಗುತ್ತಿತ್ತು. ಕೆರೆಗಳನ್ನು ಆಳದ ಪ್ರಕಾರ ಗುಂಪು ಮಾಡಬೇಕೆಂಬ ಸಲಹೆಯ ಹಿಂದಿರುವುದೂ ಇದೇ ವಿಚಾರ.

ಅಳತೆಯಲ್ಲಿ ಗಮನಿಸಬೇಕಾದ ಅಂಶಗಳು

* ಬೇಸಿಗೆಯಲ್ಲಿ ಪೂರ್ತಿ ಬತ್ತುವ ಹಂಗಾಮಿ ಕೆರೆಗಳಲ್ಲಿ ಎಲ್ಲ ಮೀನೂ ಆ ವರ್ಷ ಬಿಟ್ಟವೇ. ಮರಿ ಬಿಟ್ಟ ದಿನಾಂಕ ಬರೆದಿಟ್ಟರೆ ವಯಸ್ಸು ತಾನಾಗಿ ತಿಳಿಯುತ್ತದೆ. ಅಧ್ಯಯನಕ್ಕೆ ಇವು ಬಹಳ ಅನುಕೂಲ.

* ಎಲ್ಲ ಕೆರೆಗಳಲ್ಲೂ ಒಂದೇ ಬಗೆಯ, ಒಂದೇ ಕಣ್ಣಿನ ಬಲೆ ಬಳಸಬೇಕು. ಮೀನಿನ ತಲೆ ಸಿಕ್ಕಿಕೊಳ್ಳುವ ಬಲೆಯು ತನ್ನ ಕಣ್ಣಿಗೆ ತಕ್ಕ ಗಾತ್ರವನ್ನೇ ಹಿಡಿಯುವುದರಿಂದ ಬೆಳವಣಿಗೆಯ ವ್ಯತ್ಯಾಸವನ್ನು ಮರೆಮಾಚುತ್ತದೆ. ಎಳೆಬಲೆ ಉತ್ತಮ. ಬೀಸುಬಲೆಯಾದರೆ ಕೆರೆಯ ಹಲವು ಭಾಗಗಳಲ್ಲಿ ಬೀಸಬೇಕು.

* ಬಲೆಗೆ ಬಿದ್ದ ಮೀನುಗಳಲ್ಲಿ ದಪ್ಪನಾದುವನ್ನು ಆರಿಸಬಾರದು. ಕೈಗೆ ಬಂದ ಕ್ರಮದಲ್ಲೇ ಅಳೆಯಬೇಕು.

* ಕಾಟ್ಲ ಮೇಲ್ಪದರದಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತವೆ. ಬರದ ಪರಿಣಾಮ ಮೂರಕ್ಕೂ ಒಂದೇ ಆಗಿರಲಾರದು. ಜಾತಿವಾರು ಲೆಕ್ಕ ಇಡಬೇಕು.

* ಉದ್ದ, ತೂಕ ಎರಡನ್ನೂ ಅಳೆಯಬೇಕು. ತೂಕವು ಸುಮಾರಾಗಿ ಉದ್ದದ ಘನಕ್ಕೆ ಅನುಗುಣವಾಗಿ ಬದಲಾಗುತ್ತದೆ. ಉದ್ದದಲ್ಲಿ 10 ಭಾಗ ಕಡಿಮೆಯಾದರೆ ತೂಕದಲ್ಲಿ ಸುಮಾರು 27 ಭಾಗ ಕಡಿಮೆಯಾಗುತ್ತದೆ. 30 ಸೆಂ.ಮೀ. ಬದಲು 27 ಸೆಂ.ಮೀ. ಎಂಬುದು ಕಣ್ಣಿಗೆ ಅಲ್ಪ ವ್ಯತ್ಯಾಸ, ತಕ್ಕಡಿಯಲ್ಲಿ ಕಾಲು ಭಾಗಕ್ಕೂ ಮೀರಿದ ನಷ್ಟ.

* ಪ್ರತಿ ವರ್ಷವೂ ಮರಿ ಬಿಟ್ಟ ಮೇಲೆ ಅಷ್ಟೇ ದಿನಗಳಿಗೆ ಅಳತೆ ಮಾಡಬೇಕು. ಒಂದು ವರ್ಷ 150ನೇ ದಿನ, ಇನ್ನೊಂದು ವರ್ಷ 200ನೇ ದಿನ ಅಳೆದರೆ ಹೋಲಿಕೆ ಕೆಡುತ್ತದೆ.

ಸಂಘದ ಪುಸ್ತಕದಲ್ಲಿ ಇರಬೇಕಾದ ಲೆಕ್ಕ

ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ಒಂದು ಅಳತೆ ಹಲಗೆ, ಒಂದು ತಕ್ಕಡಿ, ಒಂದು ನೋಟ್ ಪುಸ್ತಕ ಸಾಕು. ಪ್ರತಿ ಕೆರೆಗೆ ಒಂದು ಪುಟ ತೆಗೆದು ಮರಿ ಬಿಟ್ಟ ದಿನ, ಮರಿಯ ಸಂಖ್ಯೆ, ಗಾತ್ರ ಮತ್ತು ಮೂಲ, ಹಾಕಿದ ಮೇವು, ತಿಂಗಳಿಗೊಮ್ಮೆ ತೂಬಿನ ಬಳಿ ನೀರಿನ ಆಳ, ಅಳತೆಯ ದಿನ 15 ಮೀನುಗಳ ಉದ್ದ ಮತ್ತು ತೂಕ, ಕೊನೆಗೆ ಹಿಡಿದ ಒಟ್ಟು ಮೀನು ಇವಿಷ್ಟನ್ನು ಬರೆಯಬೇಕು. ಮಳೆಯ ಲೆಕ್ಕ ಹೋಬಳಿಯ ಮಳೆಮಾಪನ ಕೇಂದ್ರದಿಂದ ದೊರೆಯುತ್ತದೆ.

ಒಂದು ಸಂಘದ ಪುಸ್ತಕ ಒಂದು ಕೆರೆಯ ಕಥೆಯನ್ನಷ್ಟೇ ಹೇಳುತ್ತದೆ. ವಿಸ್ತರಣಾ ಕಾರ್ಯಕರ್ತರು ತಾಲ್ಲೂಕಿನ ಹತ್ತಿಪ್ಪತ್ತು ಸಂಘಗಳ ಪುಸ್ತಕಗಳನ್ನು ಒಂದೇ ನಮೂನೆಯಲ್ಲಿ ಇಡಿಸಿ, ಕೆಲವು ವರ್ಷ ಬಿಡದೆ ನಡೆಸಿದರೆ, ಮುಂದಿನ ಬರ ಬಂದಾಗ ಮಳೆಯ ಪಾಲೆಷ್ಟು, ಮರಿಯ ಪಾಲೆಷ್ಟು, ಸಂಘದ ತಪ್ಪಿನ ಪಾಲೆಷ್ಟು ಎಂದು ಲೆಕ್ಕ ಸಮೇತ ಹೇಳಬಹುದು. ಪರಿಹಾರ ಕೇಳುವಾಗಲೂ, ಮರಿ ಸರಬರಾಜು ಮಾಡಿದವರನ್ನು ಪ್ರಶ್ನಿಸುವಾಗಲೂ ಈ ಲೆಕ್ಕವೇ ಸಂಘದ ಬಲ. ಹೆಚ್ಚು ಮೀನು ತೂಗುವುದಕ್ಕಿಂತ ಹೆಚ್ಚು ಕೆರೆ ನೋಡುವುದು, ಹೆಚ್ಚು ಕೆರೆಯ ಜೊತೆಗೆ ಹೆಚ್ಚು ವರ್ಷ ನೋಡುವುದು ಈ ಕೆಲಸದ ತಿರುಳು.